ತಾಮ್ರದ ಪೈಪ್ ಸೋರಿದಾಗ: ಬೆಸುಗೆ ಹಾಕಿದ ನನ್ನ ಅನುಭವ

ತಾಮ್ರದ ಪೈಪಿನ ಮೇಲೆ ಹಸಿರು ಕಿಲುಬು ಕಂಡರೆ ನಾನು ಮೊದಲು ಅದನ್ನು ಒರೆಸಿ, ಒಣ ಟಿಶ್ಯೂ ಸುತ್ತಿ ಬಿಡುತ್ತೇನೆ. ಒದ್ದೆಯಾದ ಕಡೆ ತೂತು ಇರುತ್ತದೆ. ತೊಟ್ಟಿಕ್ಕುವ ಜಾಗ ನಂಬಬೇಡಿ, ನೀರು ಪೈಪ್ ಹಿಡಿದು ದೂರ ಹರಿದು ಬಂದಿರುತ್ತದೆ.

ನಮ್ಮ ಬಿಸಿನೀರಿನ ಪೈಪಿನಲ್ಲಿ ಎಲ್ಬೋ (ಪೈಪ್ ತಿರುಗಿಸುವ ಮೂಲೆಯ ಜೋಡಣೆ) ದಾಟಿದ ತಕ್ಷಣ ಸೂಜಿಮೊನೆಯಷ್ಟು ತೂತು ಬಿದ್ದಿತ್ತು. ಮೇಲಿಂದ ಒಂದಿಷ್ಟು ಸೋಲ್ಡರ್ (ಕರಗಿಸಿ ಬೆಸುಗೆ ಹಾಕುವ ಲೋಹ) ಮೆತ್ತಿ ಮುಚ್ಚಬಹುದಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಅದು ಬಾಳಿಕೆ ಬರುವುದಿಲ್ಲ. ಆ ತುಂಡನ್ನು ಕತ್ತರಿಸಿ ಉದ್ದಕ್ಕೆ ಸೀಳಿ ನೋಡಿದೆ: ತೂತಿನ ಸುತ್ತ ಒಳಗೋಡೆ ಕಾಗದದಂತೆ ತೆಳ್ಳಗಾಗಿತ್ತು, ಪೈಪಿನ ತುದಿಯಲ್ಲಿ ಕಟರ್ ಬಿಟ್ಟ ಒಳಅಂಚು ಹಾಗೇ ಎದ್ದಿತ್ತು. ಆ ಅಂಚಿಗೆ ತಾಗಿದ ನೀರು ಸುಳಿ ತಿರುಗಿ ತಿರುಗಿ ತಾಮ್ರವನ್ನು ಸವೆಸುತ್ತಾ ಬರುತ್ತದೆ. ಕತ್ತರಿಸಿದ ಮೇಲೆ ಒಳಗಡೆ ಕೆರೆದು ನಯ ಮಾಡದೇ ಜೋಡಿಸಿದರೆ ಹೀಗೇ ಆಗುವುದು.

ಹಾಗಾಗಿ ಹಾಳಾದಷ್ಟೂ ತೆಗೆದು, ಹೊಸ ಎಲ್ಬೋ, ಹೊಸ ತುಂಡು, ಆಚೆ ತುದಿಗೆ ಒಳಗೆ ತಡೆ ಇಲ್ಲದ ಜಾರುವ ಕಪ್ಲಿಂಗ್ (ಎರಡು ಪೈಪ್ ಸೇರಿಸುವ ಕೊಳವೆ). ಪೈಪಿನ ಹೊರಗು, ಫಿಟ್ಟಿಂಗಿನ (ಎಲ್ಬೋ, ಕಪ್ಲಿಂಗ್) ಒಳಗು ಎರಡನ್ನೂ ಎಮರಿ ಕಾಗದದಿಂದ ಉಜ್ಜಿ ಹೊಳೆಯುವಂತೆ ಮಾಡಿ, ಆಮೇಲೆ ಬೆರಳಲ್ಲಿ ಮುಟ್ಟಬೇಡಿ. ಫ್ಲಕ್ಸ್ (ಬೆಸುಗೆ ಹಿಡಿಯಲು ಹಚ್ಚುವ ಲೇಪ) ತೆಳ್ಳಗೆ ಸವರಿದರೆ ಸಾಕು.

ಈ ಕೆಲಸದಲ್ಲಿ ನಿಜವಾಗಿ ಕಾಡುವುದು ನೀರು. ಸೋಲ್ಡರಿನ ಮುಖ್ಯ ಲೋಹವಾದ ತವರ ಕರಗೋದು ಸುಮಾರು 232 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಒಳಗೆ ನೀರು ನಿಂತಿದ್ದರೆ ಆ ಜಾಗ 100 ಡಿಗ್ರಿ ದಾಟಲು ಒದ್ದಾಡುತ್ತದೆ, ಬೆಂಕಿ ಎಷ್ಟು ಹಿಡಿದರೂ ಸುಮ್ನೆ ಗ್ಯಾಸ್ ಖರ್ಚು. ಮೇನ್ ವಾಲ್ವ್ ಮುಚ್ಚಿ, ತಗ್ಗಿನ ನಲ್ಲಿಯಿಂದ ನೀರು ಪೂರ್ತಿ ಇಳಿಸಿ, ಹತ್ತಿರದ ನಲ್ಲಿಯನ್ನು ತೆರೆದೇ ಇಡುತ್ತೇನೆ. ಆವಿಗೆ ದಾರಿ ಬೇಕು, ಇಲ್ಲದಿದ್ದರೆ ಅದು ಕರಗಿದ ಬೆಸುಗೆಯನ್ನೇ ಒಡೆದುಕೊಂಡು ಹೊರಬರುತ್ತದೆ. ವಾಲ್ವ್ ಪೂರ್ತಿ ಮುಚ್ಚಿಕೊಳ್ಳದೆ ನೀರು ಜಿನುಗುತ್ತಲೇ ಇದ್ದರೆ ಅದನ್ನು ತಡೆಯಲು ಪೈಪಿನೊಳಗೆ ಬ್ರೆಡ್ಡಿನ ತಿರುಳು ತುರುಕುವುದುಂಟು. ಆಮೇಲೆ ನಲ್ಲಿಯ ಜಾಲರಿ ಬಿಚ್ಚಿ ಅದನ್ನು ನೀರಿನ ಜೊತೆ ಹರಿಸಿಬಿಡಬೇಕು.

ಬೆಂಕಿ ಹಿಡಿಯಬೇಕಾದ್ದು ಫಿಟ್ಟಿಂಗಿಗೆ, ಸೋಲ್ಡರಿಗಲ್ಲ. ಫ್ಲಕ್ಸ್ ಕುದಿದ ಮೇಲೆ ಎದುರು ಬದಿಯಿಂದ ಸೋಲ್ಡರ್ ತಂತಿ ಮುಟ್ಟಿಸಿದೆ. ಬಿಸಿ ಸರಿಯಾಗಿದ್ದರೆ ತಾನಾಗೇ ಕರಗಿ ಸಂದಿಯೊಳಗೆ ಹೀರಿಕೊಳ್ಳುತ್ತದೆ, ಸುತ್ತಲೂ ಬೆಳ್ಳಿಯ ಉಂಗುರ ಮೂಡುತ್ತದೆ. ಅರ್ಧ ಇಂಚಿನ ಪೈಪಿಗೆ ಹೆಚ್ಚುಕಡಿಮೆ ಅರ್ಧ ಇಂಚು ತಂತಿ ಸಾಕು. ಜಾಸ್ತಿ ಹಾಕಿದರೆ ಒಳಗೆ ಗಂಟು ಕಟ್ಟುತ್ತದೆ. ಕುಡಿಯುವ ನೀರಿಗೆ ಸೀಸ ಇಲ್ಲದ ಸೋಲ್ಡರೇ ಆಗಬೇಕು, ಇದರಲ್ಲಿ ರಾಜಿ ಬೇಡ. ಹಿಂದಿನ ಮರಕ್ಕೆ ಬೆಂಕಿ ತಡೆಯುವ ಚಾಪೆ, ಪಕ್ಕದ ಹಳೇ ಜಾಯಿಂಟಿಗೆ ಒದ್ದೆ ಬಟ್ಟೆ.

ಎಲ್ಲ ಕಡೆ ಬೆಸುಗೆಯೇ ಸರಿ ಅಂತ ಹೇಳುವುದಿಲ್ಲ. ಗೋಡೆಯೊಳಗೆ ಮುಚ್ಚಿಹೋಗುವ ಜಾಯಿಂಟಿಗೆ ನನ್ನ ಆಯ್ಕೆ ಅದೇ, ಸಡಿಲವಾಗಲು ನಟ್ಟೂ ಇಲ್ಲ, ಸವೆಯಲು ರಬ್ಬರೂ ಇಲ್ಲ. ಮುಂದೆ ಬಿಚ್ಚಬೇಕಾಗುವ ವಾಲ್ವ್, ಹೀಟರ್ ಹತ್ತಿರ ಮಾತ್ರ ನಟ್ ಬಿಗಿಯುವ ಕಂಪ್ರೆಷನ್ ಫಿಟ್ಟಿಂಗ್ ಹಾಕುತ್ತೇನೆ.

ಜಾಯಿಂಟ್ ಅಲುಗಿಸದೆ ತಾನಾಗೇ ಆರಲು ಬಿಡಿ. ಆಮೇಲೆ ಒದ್ದೆ ಬಟ್ಟೆಯಲ್ಲಿ ಫ್ಲಕ್ಸ್ ಒರೆಸಿ, ವಾಲ್ವನ್ನು ನಿಧಾನವಾಗಿ ತೆರೆದು ಚೆನ್ನಾಗಿ ನೀರು ಹರಿಸಿ, ಯಾಕಂದ್ರೆ ಒಳಗೆ ಉಳಿದ ಫ್ಲಕ್ಸ್ ಕೂಡ ತಾಮ್ರವನ್ನು ತಿನ್ನುತ್ತದೆ.