ಎಲೆಮರೆಯ ಆಲ್ಬಮ್ ಒಂದನ್ನು ಆಪ್ತರಿಗೆ ಕೇಳಿಸುವ ಬಗೆ

ಟೆಕ್ಸಸ್‌ನಲ್ಲಿ ಬೆಳೆದ ವಿಲಿಸ್ ಅಲನ್ ರ‍್ಯಾಮ್ಸೆ 1972ರಲ್ಲಿ ತಮ್ಮದೇ ಹೆಸರಿನ ಆಲ್ಬಮ್ ಒಂದನ್ನು ಹೊರತಂದರು. ಜಾನಪದ, ಕಂಟ್ರಿ, ಬ್ಲೂಸ್ ಮೂರೂ ಬೆರೆತ ಅದರ 11 ಹಾಡುಗಳು ನನಗೆ ಅಚ್ಚುಮೆಚ್ಚು. ಆದರೆ ಬೆಂಗಳೂರಿನ ಕನ್ನಡ ಕೇಳುಗರಲ್ಲಿ ಅವರ ಹೆಸರನ್ನು ಬಲ್ಲವರು ತೀರಾ ವಿರಳ. ಇಂಥ ಆಲ್ಬಮನ್ನು ಶಿಫಾರಸು ಮಾಡುವಾಗ ಇಡೀ ಆಲ್ಬಮನ್ನು ಒಪ್ಪಿಸದೆ, ಕೇಳುವವರ ಅಭಿರುಚಿಯನ್ನು ಅರಿತು ಒಂದೇ ಒಂದು ಹಾಡನ್ನು ಆರಿಸಿ ಕೊಡಬೇಕು. ವಾಟ್ಸಾಪ್ ಗುಂಪಿಗೆ ಹಾಕಿದ ಲಿಂಕು ಬೆಳಗಿನ ಶುಭಾಶಯಗಳ ನಡುವೆ ಕಳೆದುಹೋಗುತ್ತದೆ. ಒಬ್ಬರಿಗೆಂದೇ ಕಳುಹಿಸಿದ ಹಾಡನ್ನು ಅವರು ಕೇಳಿಯೇ ಕೇಳುತ್ತಾರೆ.

ಲಾವಣಿಗಳನ್ನೂ ಕಥನ ಗೀತೆಗಳನ್ನೂ ಇಷ್ಟಪಡುವವರಿಗೆ ಮೊದಲ ಹಾಡಾದ ‘ಬ್ಯಾಲಡ್ ಆಫ್ ಸ್ಪೈಡರ್ ಜಾನ್’ ಸೂಕ್ತ. ಮುದಿ ಕಳ್ಳನೊಬ್ಬ ತನ್ನ ಕಥೆಯನ್ನು ತಾನೇ ಹೇಳಿಕೊಳ್ಳುವ ಹಾಡು ಅದು. ಟೆಕ್ಸಸ್‌ನ ಉಚ್ಚಾರಣೆ ಮೊದಲ ಬಾರಿಗೆ ಕಿವಿಗೆ ದಕ್ಕುವುದು ಕಷ್ಟವಾದ್ದರಿಂದ ಹಾಡುವವನು ಯಾರು, ಅವನ ಪಾಡು ಏನು ಎಂಬುದನ್ನು ಮೊದಲೇ ಕನ್ನಡದಲ್ಲಿ ಎರಡು ವಾಕ್ಯಗಳಲ್ಲಿ ಹೇಳಿಬಿಡಿ. ಕಥೆಯ ಕೊನೆಯನ್ನು ಮಾತ್ರ ಹೇಳಬೇಡಿ. ತಾಳದ ಲವಲವಿಕೆ ಬಯಸುವವರಿಗೆ ‘ನಾರ್ತ್‌ಈಸ್ಟ್ ಟೆಕ್ಸಸ್ ವಿಮೆನ್’ ಸಾಕು.

ಭಾವಗೀತೆ ಕೇಳಿ ಬೆಳೆದವರಿಗೆ ನಾನು ಆರಿಸುವುದು ‘ಮಸ್ಕ್‌ರ‍್ಯಾಟ್ ಕ್ಯಾಂಡಲ್‌ಲೈಟ್’. ಶಿಶುನಾಳ ಷರೀಫರ ಪದಗಳನ್ನು ಈ ನಗರದ ಎಷ್ಟೋ ಮನೆಗಳು ಸಿ. ಅಶ್ವಥ್ ಅವರ ಕಂಠದಲ್ಲಿ ಅರಿತವು. ರ‍್ಯಾಮ್ಸೆಯವರ ಈ ಹಾಡೂ ಹಾಗೆಯೇ ಬೇರೆಯವರ ದನಿಯಲ್ಲಿ, ‘ಮಸ್ಕ್‌ರ‍್ಯಾಟ್ ಲವ್’ ಎಂಬ ಬದಲಾದ ಹೆಸರಿನಲ್ಲಿ ಜನಪ್ರಿಯವಾಯಿತು: 1973ರಲ್ಲಿ ಅಮೆರಿಕ ಎಂಬ ತಂಡ ಅದನ್ನು ಹಾಡಿತು, 1976ರಲ್ಲಿ ಕ್ಯಾಪ್ಟನ್ ಅಂಡ್ ಟೆನಿಲ್ ಜೋಡಿಯ ಧ್ವನಿಮುದ್ರಣ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯ 4ನೇ ಸ್ಥಾನಕ್ಕೇರಿತು. ಷರೀಫರ ದನಿ ನಮಗೆ ಉಳಿದಿಲ್ಲ. ಇಲ್ಲಿ ಬರೆದವರ ದನಿಯೇ ಇದೆ. ಆದ್ದರಿಂದ ಮೊದಲು ಜೋಡಿಯ ಹಾಡನ್ನೂ ನಂತರ ಮೂಲವನ್ನೂ ಕೇಳಿಸಿ, ಸಿಂಥಸೈಜರ್ ಸದ್ದು ಸರಿದು ಗಿಟಾರ್ ಮುಂದೆ ಬಂದಾಗ ಅದೇ ಸಾಲುಗಳು ಎಷ್ಟು ಆಪ್ತವಾಗುತ್ತವೆ ಎಂಬುದನ್ನು ಗಮನಿಸಲು ತಿಳಿಸಿ. ನನ್ನ ಮಟ್ಟಿಗೆ ಈ ಹೋಲಿಕೆಯಷ್ಟು ಪರಿಣಾಮಕಾರಿಯಾದ ಶಿಫಾರಸು ಬೇರೊಂದಿಲ್ಲ.

ಸಿಲ್ಕ್ ಬೋರ್ಡ್‌ನ ಹಾರ್ನ್‌ಗಳ ನಡುವೆ ಈ ಗಿಟಾರ್ ಕೇಳಿಸದು. ಮನೆಯಲ್ಲಿ ಬಿಡುವಾಗಿ ಕುಳಿತು ಕೇಳುವಂತೆ ಹೇಳಿ. ಕೇಳಿದ ಮೇಲೆ ‘ಹೇಗಿತ್ತು’ ಎಂದು ಕೇಳಿದರೆ ‘ಚೆನ್ನಾಗಿತ್ತು’ ಎಂಬ ಸೌಜನ್ಯದ ಉತ್ತರವಷ್ಟೇ ಸಿಗುತ್ತದೆ; ಯಾವ ಸಾಲು ನೆನಪಿನಲ್ಲಿ ಉಳಿಯಿತೆಂದು ಕೇಳಿ. ಯಾವುದೂ ಉಳಿಯಲಿಲ್ಲ ಎಂದರೆ ಒತ್ತಾಯಿಸದೆ ಬಿಟ್ಟುಬಿಡಿ. ಒಂದು ಸಾಲಾದರೂ ಉಳಿದಿದ್ದರೆ ಆಲ್ಬಮನ್ನು ಪೂರ್ತಿ ಕೊಡಿ. ಆಮೇಲೆ ಇದೇ ಗಾಯಕರ ಮತ್ತೊಂದು ಆಲ್ಬಮ್ ಇದೆಯೇ ಎಂದು ಕೇಳಿದರೆ, ದಶಕಗಳು ಕಳೆದರೂ ಎರಡನೆಯದು ಬರಲಿಲ್ಲವೆಂದು ತಿಳಿಸಿ, ಅದೇ ಟೆಕ್ಸಸ್‌ನ ಗೈ ಕ್ಲಾರ್ಕ್ ಅವರ 1975ರ ‘ಓಲ್ಡ್ ನಂ. 1’ ಕಡೆಗೆ ಕರೆದೊಯ್ಯಿರಿ.