ಪೇಪರ್ ಮಿಲ್ಲಿನ ನೀರು, ಹೊಗೆ: ಮಳೆಗಾಲದಲ್ಲಿ ಅಳತೆ ತಪ್ಪದಂತೆ

ದಾಂಡೇಲಿಯ ಕಡೆ ಜೂನ್‌ನಲ್ಲಿ ಮಳೆ ಹಿಡಿದರೆ ಮಿಲ್ಲಿನ ಅಂಗಳದ ನೀರು ಇಟಿಪಿ (ಕೊಳೆನೀರು ಶುದ್ಧೀಕರಣ ಘಟಕ) ಕಾಲುವೆಗೆ ನುಗ್ಗದಂತೆ ಮೊದಲು ಬೇರೆ ಚರಂಡಿಗೆ ತಿರುಗಿಸಿ. ಅದು ಬೆರೆತರೆ ಬಿಒಡಿ (ಕೊಳೆಯನ್ನು ಕರಗಿಸಲು ಸೂಕ್ಷ್ಮಜೀವಿಗಳು ಬಳಸುವ ಆಮ್ಲಜನಕದ ಅಳತೆ) ಇಳಿದಂತೆ ಕಾಣುತ್ತದೆ, ಕಾಳಿ ನದಿಗೆ ಹೋಗುವ ಕೊಳೆ ಮಾತ್ರ ಅಷ್ಟೇ ಇರುತ್ತದೆ. ಬಿಒಡಿ ಲೀಟರಿಗೆ 30 ಮಿ.ಗ್ರಾಂ, ಹರಿವು ದಿನಕ್ಕೆ 40,000 ಘನ ಮೀಟರ್ ಎಂದರೆ ದಿನಕ್ಕೆ 1,200 ಕೆ.ಜಿ. ಮಳೆನೀರು ಸೇರಿ 20 ಮಿ.ಗ್ರಾಂ, 60,000 ಘನ ಮೀಟರ್ ಆದರೂ ಅದೇ 1,200 ಕೆ.ಜಿ. ಹಾಗಾಗಿ ಹರಿವು ಬರೆಯದ ಬಿಒಡಿ ವರದಿಯನ್ನು ನಂಬಬೇಡಿ.

ಹರಿವಿನ ಲೆಕ್ಕ ಕೆಡುವುದು ಹೆಚ್ಚಾಗಿ, ಹರಿವು ಅಳೆಯಲು ಕಾಲುವೆಗೆ ಅಡ್ಡವಿಟ್ಟ ತಗಡಿನಲ್ಲಿ ಕತ್ತರಿಸಿದ V ಆಕಾರದ ಗಂಡಿ, ಅಂದರೆ ವಿ-ನಾಚ್‌ನಲ್ಲಿ. ನೀರಿನ ಎತ್ತರ 10% ಹೆಚ್ಚಾಗಿ ಓದಿದರೆ ಹರಿವು ಸುಮಾರು 27% ಹೆಚ್ಚು ತೋರುತ್ತದೆ. ಅಲ್ಟ್ರಾಸಾನಿಕ್ ಸೆನ್ಸರ್ ನೊರೆಯ ಮೇಲ್ಮೈಯನ್ನೇ ನೀರೆಂದು ಓದುತ್ತದೆ. ನಾಚ್‌ನ ಅಂಚಿಗೆ ನಾರು ಅಂಟಿದರೆ ಹಿಂದಿನ ನೀರು ಏರುತ್ತದೆ. ಎರಡರಿಂದಲೂ ಹರಿವು ಹೆಚ್ಚು ತೋರುತ್ತದೆ. ಪ್ರತಿ ಪಾಳಿಯಲ್ಲೂ ಅಂಚು ತಿಕ್ಕಿ, ನೊರೆ ಸರಿಸಿ, ಅಳತೆಪಟ್ಟಿಯ ಓದನ್ನು ಮೀಟರಿನೊಂದಿಗೆ ಹೋಲಿಸಿ. ಪಟ್ಟಿಯನ್ನು ನಾಚ್‌ನ ಬಾಯಲ್ಲೇ ನೆಡಬಾರದು. ಅಲ್ಲಿ ನೀರು ತಗ್ಗಿರುತ್ತದೆ. ಗರಿಷ್ಠ ನೀರಿನ ಎತ್ತರದ ನಾಲ್ಕು ಪಟ್ಟಾದರೂ ಹಿಂದೆ ನೆಡಿ.

ಸ್ಯಾಂಪಲ್ ಅನ್ನು 24 ಗಂಟೆಯೂ, ಹರಿವಿಗೆ ತಕ್ಕಂತೆ ಕೂಡಿಸಿ: ಗಂಟೆಗೆ 1,000 ಘನ ಮೀಟರ್ ಇದ್ದಾಗ 200 ಮಿ.ಲೀ., 1,500 ಇದ್ದಾಗ 300. ಕ್ಯಾನು ಐಸಿನಲ್ಲಿ 4 ಡಿಗ್ರಿ ಸೆಲ್ಸಿಯಸ್ ಹತ್ತಿರ ಇರಲಿ. ಸಿಒಡಿ (ಕೊಳೆಯನ್ನು ರಾಸಾಯನಿಕವಾಗಿ ಉತ್ಕರ್ಷಿಸಲು ಬೇಕಾದ ಆಮ್ಲಜನಕದ ಅಳತೆ) ಬಾಟಲಿಗೆ ಸಲ್ಫ್ಯೂರಿಕ್ ಆಮ್ಲ ಹಾಕಿ ಪಿಎಚ್ 2ರ ಕೆಳಗಿಳಿಸಿ. ಬಿಒಡಿ ಬಾಟಲಿಗೆ ಆಮ್ಲ ಬೇಡವೇ ಬೇಡ.

ಬಿಒಡಿ ಬಾಟಲಿಯನ್ನು 27 ಡಿಗ್ರಿಯಲ್ಲಿ 3 ದಿನ ಇಡುತ್ತೇವೆ. ಬ್ಲೀಚಿಂಗ್ ನೀರಿನಲ್ಲಿ ಉಳಿದ ಕ್ಲೋರಿನ್ ಸೂಕ್ಷ್ಮಜೀವಿಗಳನ್ನು ಕೊಂದು ಫಲಿತಾಂಶವನ್ನು ಸುಳ್ಳಾಗಿ ಇಳಿಸುತ್ತದೆ. ಅದನ್ನು ಸೋಡಿಯಂ ಸಲ್ಫೈಟ್‌ನಿಂದ ತೆಗೆದು, ಏರೇಶನ್ ಟ್ಯಾಂಕಿನ (ಗಾಳಿ ಊದುವ ತೊಟ್ಟಿಯ) ನೀರನ್ನು ತಂಗಲು ಬಿಟ್ಟು ಅದರ ಮೇಲಿನ ತಿಳಿಯನ್ನು ಸೂಕ್ಷ್ಮಜೀವಿಗಳ ಬೀಜವಾಗಿ ಸೇರಿಸಿ. 3 ದಿನದ ಕೊನೆಗೆ ಬಾಟಲಿಯಲ್ಲಿ ಕರಗಿದ ಆಮ್ಲಜನಕ ಲೀಟರಿಗೆ ಕನಿಷ್ಠ 2 ಮಿ.ಗ್ರಾಂ ಇಳಿದಿರಬೇಕು, 1 ಮಿ.ಗ್ರಾಂ ಆದರೂ ಉಳಿದಿರಬೇಕು. ಹಾಗಿಲ್ಲದ ಬಾಟಲಿಯ ಲೆಕ್ಕ ಬಿಡಿ. ಕೆಳಗೆ, ಕಾಳಿ ನದಿ ಸಮುದ್ರ ಸೇರುವ ಸದಾಶಿವಗಡದ ಅಳಿವೆಯಿಂದಲೂ ಸ್ಯಾಂಪಲ್ ತರುವುದಾದರೆ ಉಬ್ಬರವೋ ಇಳಿತವೋ ಬರೆದಿಡಿ: ಉಪ್ಪುನೀರಿನ ಕ್ಲೋರೈಡ್ ಸಿಒಡಿಯನ್ನು ಏರಿಸುತ್ತದೆ.

ಚಿಮಣಿಯಲ್ಲಿ ಧೂಳು ಹಿಡಿಯುವಾಗ ನಾಝಲ್‌ನ ಹೀರುವ ವೇಗ ಹೊಗೆಯ ವೇಗಕ್ಕೆ ಸಮನಾಗಿರಬೇಕು, 90ರಿಂದ 110% ಒಳಗೆ. ನಿಧಾನವಾದರೆ ದಪ್ಪ ಕಣಗಳು ತಮ್ಮ ವೇಗದಲ್ಲೇ ಒಳಗೆ ಬಂದು ಸಂಖ್ಯೆ ಏರುತ್ತದೆ, ಜೋರಾದರೆ ಇಳಿಯುತ್ತದೆ. ಆಮ್ಲಜನಕವನ್ನೂ ಅದೇ ಹೊತ್ತಿಗೆ ಅಳೆಯಿರಿ. ಡಕ್ಟಿನ ಸಂದಿಯಿಂದ ಗಾಳಿ ಸೇರಿದರೆ ಹೊಗೆ ತೆಳುವಾಗುತ್ತದೆ. ಹೋಲಿಕೆಗೆಂದು ಗೊತ್ತುಮಾಡಿದ ಆಮ್ಲಜನಕ 8% ಎಂದಿದ್ದು, ಅಳತೆಯಲ್ಲಿ 11% ಬಂದರೆ, ಗಾಳಿಯ 21%ರಿಂದ ಎರಡನ್ನೂ ಕಳೆದು (13 ಮತ್ತು 10), ಧೂಳಿನ 80 ಮಿ.ಗ್ರಾಂ ಅನ್ನು 13/10ರಿಂದ ಗುಣಿಸಿ: 104.

ಆರ್ದ್ರ ಸ್ಕ್ರಬ್ಬರ್ (ನೀರು ಸಿಂಪಡಿಸಿ ಹೊಗೆ ತೊಳೆಯುವ ಯಂತ್ರ) ಆದಮೇಲಿನ ಚಿಮಣಿಗೆ ಬೆಳಕಿನಿಂದ ಓದುವ ಧೂಳಿನ ಮೀಟರ್ ಬೇಡ; ಅದು ನೀರಿನ ಹನಿಗಳನ್ನೂ ಧೂಳೆಂದೇ ಎಣಿಸುತ್ತದೆ. ಅನಿಲ ಎಳೆಯುವ ಪೈಪನ್ನು ಕೊನೆಯವರೆಗೂ ಬಿಸಿಯಾಗಿಡಿ; ತಣ್ಣಗಾಗಿ ಹನಿ ಕಟ್ಟಿದಲ್ಲಿ ಸಲ್ಫರ್ ಡೈಆಕ್ಸೈಡ್ ಆ ನೀರಿನಲ್ಲೇ ಕರಗಿ, ಅನಲೈಸರ್‌ಗೆ ಕಡಿಮೆ ತಲುಪುತ್ತದೆ.