ಬೂತಾಯಿಯ ಲೆಕ್ಕವನ್ನು ಎಲ್ ನಿನೊ ಜೊತೆ ಹೊಂದಿಸಲು ಹೋದಾಗ

ಮಲ್ಪೆ ಧಕ್ಕೆಯಲ್ಲಿ ಪರ್ಸೀನ್ (ಮೀನಿನ ಹಿಂಡನ್ನು ಸುತ್ತುವರಿದು ಹಿಡಿಯುವ ದೊಡ್ಡ ಬಲೆ) ಬೋಟುಗಳ ಮೀನಿನ ಲೆಕ್ಕ ಬರೆಯುವುದು ನನ್ನ ಕೆಲಸ. ಬೂತಾಯಿ ಮೀನು (ಎಣ್ಣೆ ಸಾರ್ಡಿನ್) ಒಂದು ವರ್ಷ ರಾಶಿ ಬಿದ್ದು ಮತ್ತೊಂದು ವರ್ಷ ಕಾಣೆಯಾಗುವುದಕ್ಕೂ ಪೆಸಿಫಿಕ್ ಸಾಗರದ ನೀರು ಕೆಲವು ವರ್ಷಗಳಿಗೊಮ್ಮೆ ವಾಡಿಕೆಗಿಂತ ಬಿಸಿಯಾಗುವ ಎಲ್ ನಿನೊಗೂ ಸಂಬಂಧವಿದೆಯೇ ಎಂದು ತಿಳಿಯಲು, ನನ್ನ ಹಳೆಯ ಪುಸ್ತಕಗಳನ್ನು ತೆಗೆದು, ಅಮೆರಿಕದ ಹವಾಮಾನ ಇಲಾಖೆ ತಿಂಗಳು ತಿಂಗಳು ಪ್ರಕಟಿಸುವ, ಆ ಬಿಸಿಯ ಏರಿಳಿತ ತೋರಿಸುವ ನಿನೊ ಸೂಚ್ಯಂಕದ ಪಕ್ಕದಲ್ಲಿಟ್ಟು ಪಟ್ಟಿ ಮಾಡಿದೆ.

ಮೊದಲ ಪಟ್ಟಿಯಿಂದ ಏನೂ ಹೊರಡಲಿಲ್ಲ. ನಮ್ಮ ಹಂಗಾಮು 61 ದಿನಗಳ ಮೀನುಗಾರಿಕೆ ನಿಷೇಧ ಮುಗಿದ ಮೇಲೆ ಆಗಸ್ಟ್‌ನಲ್ಲಿ ಆರಂಭವಾಗಿ ಮೇ ತಿಂಗಳವರೆಗೆ ನಡೆಯುತ್ತದೆ. ಎಲ್ ನಿನೊ ಬಲ ಪಡೆಯುವುದು ಹೆಚ್ಚಾಗಿ ಡಿಸೆಂಬರ್ ಆಸುಪಾಸಿನಲ್ಲಿ. ಜನವರಿಯಿಂದ ಡಿಸೆಂಬರ್‌ವರೆಗೆ ಲೆಕ್ಕ ಹಾಕಿದ ನಾನು ಎರಡನ್ನೂ ನಡುವೆ ತುಂಡರಿಸಿದ್ದೆ. ಹಂಗಾಮಿನ ಪ್ರಕಾರ ಮತ್ತೆ ಬರೆದ ಮೇಲೂ, ಪರಿಣಾಮವನ್ನು ಅದೇ ಹಂಗಾಮಿನಲ್ಲಿ ಹುಡುಕಿದ್ದು ಎರಡನೆಯ ತಪ್ಪು. ಮುಂಗಾರಿನ ಗಾಳಿಗೆ ಮೇಲಿನ ನೀರು ದಡದಿಂದ ಆಚೆಗೆ ಸರಿದಾಗ ಅಡಿಯ ತಣ್ಣೀರು ಪೋಷಕಾಂಶ ಹೊತ್ತು ಮೇಲೆ ಬರುತ್ತದೆ, ಅದರಿಂದ ಡಯಾಟಮ್ ಎಂಬ ಸೂಕ್ಷ್ಮ ಪಾಚಿ ಹಬ್ಬುತ್ತದೆ, ಆ ಪಾಚಿಯನ್ನು ತಿಂದೇ ಬೂತಾಯಿ ಕೊಬ್ಬುತ್ತದೆ ಮತ್ತು ಮಳೆಗಾಲದಲ್ಲಿ ಮೊಟ್ಟೆಯಿಡುತ್ತದೆ. ಎಲ್ ನಿನೊದಿಂದ ಆ ಸರಪಳಿ ಕೆಟ್ಟರೆ ಬಲೆ ಬರಿದಾಗುವುದು ಮುಂದಿನ ಹಂಗಾಮುಗಳಲ್ಲಿ.

2015ರ ಪುಸ್ತಕದ ಅಂಚಿನಲ್ಲಿ ನಾನೇ ಬರೆದ ಎರಡು ಪದಗಳಿವೆ: 'ನೆಣ ಇಲ್ಲ'. ಒಳ್ಳೆಯ ವರ್ಷದ ಬೂತಾಯಿಯನ್ನು ಸೀಳಿದರೆ ಕರುಳಿನ ಸುತ್ತ ಬಿಳಿಯ ನೆಣ ಅಂಟಿಕೊಂಡಿದ್ದು ಬೆರಳು ಜಾರುತ್ತದೆ. ಆ ಸಲ ಮನೆಯಲ್ಲಿ ಕಾವಲಿಗೆ ಎರಡೆರಡು ಸಲ ಎಣ್ಣೆ ಹಾಕಬೇಕಾಯಿತು. ಅದು ಪ್ರಬಲ ಎಲ್ ನಿನೊ ವರ್ಷವೆಂಬುದು ನನಗೆ ತಿಳಿದದ್ದು ಬಹಳ ತಡವಾಗಿ.

ಆದರೂ ಎಲ್ಲವನ್ನೂ ಎಲ್ ನಿನೊ ತಲೆಗೆ ಕಟ್ಟಲು ನಾನು ಒಪ್ಪುವುದಿಲ್ಲ. ಕೇಂದ್ರ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಅಂದಾಜಿನಂತೆ ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಇದ್ದ ಬೂತಾಯಿ 2021ರಲ್ಲಿ 3,297 ಟನ್‌ಗೆ ಇಳಿಯಿತು. ಆ ವರ್ಷ ಪೆಸಿಫಿಕ್‌ನಲ್ಲಿದ್ದದ್ದು ಅದಕ್ಕೆ ವಿರುದ್ಧವಾದ ಲಾ ನಿನಾ. ಮೀನು ಸೊರಗಿದ ಕಾಲದಲ್ಲಿ ಬೆರಳುದ್ದದ ಮರಿಗಳನ್ನೂ ಬಾಚಿ ಫಿಶ್‌ಮೀಲ್ (ಮೀನಿನ ಹುಡಿ) ಕಾರ್ಖಾನೆಗೆ ಕಳುಹಿಸಿದ ಲೆಕ್ಕ ನನ್ನ ಅಕ್ಷರದಲ್ಲೇ ಇದೆ. ಹಾಗೆಂದು ಬೋಟುಗಳೇ ಎಲ್ಲಕ್ಕೂ ಕಾರಣವೆನ್ನುವವರಿಗೆ ನಾನು 1940ರ ದಶಕವನ್ನು ನೆನಪಿಸುತ್ತೇನೆ: ಪರ್ಸೀನ್ ಎಂಬುದೇ ಇಲ್ಲಿ ಇಲ್ಲದ ಆ ದಿನಗಳಲ್ಲೂ ಬೂತಾಯಿ ವರ್ಷಗಟ್ಟಲೆ ಕೈಕೊಟ್ಟಿತ್ತು.

ಈಗ ಪ್ರತಿ ವಾರ ಒಂದು ಬುಟ್ಟಿಯಿಂದ ಹತ್ತು ಮೀನು ಆಯ್ದು ಉದ್ದ ಅಳೆಯುತ್ತೇನೆ, ಒಂದನ್ನು ಸೀಳಿ ನೆಣ ನೋಡುತ್ತೇನೆ, ಸೂಚ್ಯಂಕವನ್ನು ಕೊನೆಯ ಕಾಲಂನಲ್ಲಿ ಬರೆಯುತ್ತೇನೆ.